ಕಡ್ಲೆ ಅಂದದ್ದು, ಕಡ್ಲಿ ಕೇಳಿದ್ದು

ಕಳೆದ ತಿಂಗಳು ಗಂಗಮ್ಮನಗುಡಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸೋನೆ ಮಳೆ ಹಿಡಿದಿತ್ತು. ಪಕ್ಕದಲ್ಲೇ ತಳ್ಳುಗಾಡಿಯವನೊಬ್ಬ ಬಿಸಿ ಮರಳಿನಲ್ಲಿ ಕಡ್ಲೆಕಾಯಿ ಹುರಿಯುತ್ತಿದ್ದ. ನಿಂತವರೆಲ್ಲ ಒಬ್ಬೊಬ್ಬರಾಗಿ ಆ ವಾಸನೆಗೆ ಸೋತು ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದರು. ನಾನು ಮಾತ್ರ ಮುಖ ಆಚೆ ತಿರುಗಿಸಿಕೊಂಡೆ. "ಬಿಸಿ ಬಿಸಿ ಇದೆ ಮೇಡಂ, ತಗೊಳ್ಳಿ" ಎಂದ. "ಬೇಡಪ್ಪಾ, ಬೇಡ" ಎಂದು ಕೊಡೆ ಬಿಚ್ಚಿಕೊಂಡು ಮಳೆಯಲ್ಲೇ ಅಷ್ಟು ದೂರ ಹೋಗಿ ನಿಂತೆ. ಈಯಮ್ಮನಿಗೆ ಏನಾಗಿದೆ ಅಂದುಕೊಂಡಿರಬೇಕು ಪಾಪ.

ಏನಾಗಿದೆ ಅಂದರೆ, ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಮಳೆಗಾಲದಲ್ಲಿ ಒಂದು ಹೆಣ್ಣುಮಗುವಿನ ಉಸಿರು ನನ್ನ ಕಣ್ಣೆದುರೇ ನಿಲ್ಲುತ್ತಾ ಬಂದಿತ್ತು. ಅದಕ್ಕೆ ಕಾರಣ ಈ ಕಡ್ಲೆ. ಕಾಯಿ ಅಲ್ಲ, ಆ ಮಾತು.

ನಾನು ಶೆಟ್ಟಿಹಳ್ಳಿಯಲ್ಲೇ ಹುಟ್ಟಿ ಬೆಳೆದವಳು. ಆಗ ಪಾಠ ಮಾಡುತ್ತಿದ್ದ ಸರ್ಕಾರಿ ಶಾಲೆಯೂ ಆ ಸರ್ಕಲ್ಲಿಗೆ ದೂರವಲ್ಲ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಹೆಡ್ ಮಾಸ್ಟರು ರಂಗಸ್ವಾಮಿ ಸಾರ್ ನನಗೆ ತದ್ವಿರುದ್ಧ. ಯಾರು ಏನಂದರೂ "ಆಯ್ತು, ನೋಡೋಣ" ಅನ್ನುವ ಸಾಧು ಮನುಷ್ಯ. ಆ ವರ್ಷ ಶಾಲೆ ಶುರುವಾಗಿ ಇನ್ನೂ ಪುಸ್ತಕವೂ ಬಂದಿರಲಿಲ್ಲ, ಸರ್ಕಾರದ ಆದೇಶ ಬಂತು. ಬೇರೆ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಕೊಡುತ್ತಿದ್ದ ಮೊಟ್ಟೆಯನ್ನು ಇನ್ನು ಮುಂದೆ ನಮ್ಮಲ್ಲೂ ಕೊಡಬೇಕು, ಪೋಷಕರನ್ನು ಕೇಳಿ ಕೊಡಬೇಕು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ.

ಸಾರ್ ಅವತ್ತೇ ಹೆದರಿದರು. ಶಾಲೆಯ ಕಾಂಪೌಂಡಿಗೆ ಅಂಟಿಕೊಂಡೇ ಊರ ದೇವಸ್ಥಾನ ಇತ್ತು. "ವನಜಾ ಅವ್ರೇ, ಇದು ಸುಮ್ನೆ ಹೋಗೋ ವಿಷಯ ಅಲ್ಲ ಕಣ್ರೀ" ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು.

ಅವರು ಹೆದರಿದ್ದು ಸುಳ್ಳಾಗಲಿಲ್ಲ. ಪೋಷಕರ ಸಭೆ ಕರೆದಾಗ ಮೊದಲು ಎದ್ದು ನಿಂತವನು ನಾಗರಾಜ, ಶಾಲಾ ಸಮಿತಿಯ ಅಧ್ಯಕ್ಷ. ಹಳೇ ಮನೆತನ, ತೋಟವಿದ್ದ ಜಾಗದಲ್ಲಿ ಬಾಡಿಗೆ ಮನೆಗಳ ಸಾಲು ಕಟ್ಟಿಸಿದ್ದ. ನಮ್ಮ ಶಾಲೆಯ ಎಷ್ಟೋ ಮಕ್ಕಳು ಆ ಸಾಲಿನಿಂದಲೇ ಬರುತ್ತಿದ್ದರು. ಹಾಗಾಗಿ ಅವನ ಮಾತಿಗೆ ಎದುರಾಡುವವರು ಕಡಿಮೆ.

"ಸಾರ್, ಆಚೆ ಕಡೆ ಪೂಜೆ ನಡೀತಿರುತ್ತೆ, ಈಚೆ ಕಡೆ ನೀವು ಮೊಟ್ಟೆ ಬೇಯಿಸ್ತೀರ. ಜನ ಸುಮ್ನೆ ಇರ್ತಾರಾ? ನಮ್ ಶಾಲೆಗೆ ಬೇಡ ಅಂತ ಬರ್ದು ಕಳ್ಸಿ."

"ಆದೇಶ ನಾಗರಾಜು. ನಾನ್ ಬೇಡ ಅಂದ್ರೆ ಆಗುತ್ತಾ?"

ಅಷ್ಟರಲ್ಲಿ ಅಡುಗೆ ಮುನಿಯಮ್ಮ ಬಾಗಿಲಲ್ಲೇ ನಿಂತು ಬಾಯಿ ಹಾಕಿದಳು. ಮುನಿಯಮ್ಮ ನಮ್ಮ ಊರಿನವಳೇ, ನನ್ನನ್ನು ವನಜಕ್ಕ ಅಂತಲೇ ಕರೆಯುವಳು. ಗಂಡ ತೀರಿಕೊಂಡ ಮೇಲೆ ಶಾಲೆಯ ಒಲೆಯೇ ಅವಳ ಸಂಸಾರ. "ನಾಗರಾಜಣ್ಣ, ನಿಮ್ಮನೆ ಕೋಳಿ ದಿನಾ ದೇವಸ್ಥಾನದ ಜಗಲಿ ಮೇಲೇ ಬಂದು ಮೊಟ್ಟೆ ಇಟ್ಟೋಯ್ತದಲ್ಲ, ಅದುಕ್ಕೊಸಿ ಬುದ್ಧಿ ಏಳಿ ಮೊದ್ಲು."

ಇಡೀ ಕೋಣೆ ಗೊಳ್ಳೆಂದಿತು. ನಾನೂ ನಕ್ಕೆ. ನಾಗರಾಜ ನಗಲಿಲ್ಲ. ಮುನಿಯಮ್ಮನನ್ನೇ ನೋಡುತ್ತಾ ಕೂತ. ಆ ನೋಟ ನನಗೆ ಚೆನ್ನಾಗಿ ಕಾಣಿಸಲಿಲ್ಲ, ಆದರೂ ಆ ಹೊತ್ತಿಗೆ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಸಾರ್ ಆದೇಶ ಓದಿ ಹೇಳಿದರು. ಅದರಲ್ಲಿದ್ದ ಕಚೇರಿ ಭಾಷೆ ತಾಯಂದಿರಿಗೆ ತಿಳಿಯಲಿ ಎಂದು ಒಂದೊಂದು ಮಾತನ್ನೂ ನಮ್ಮ ಮಾತಿಗೆ ತಿರುಗಿಸಿ ಹೇಳಿದರು. 'ಶೇಂಗಾ ಚಿಕ್ಕಿ' ಎಂದು ಬರೆದಿದ್ದ ಕಡೆ ನೇರವಾಗಿ "ಕಡ್ಲೆ ಮಿಠಾಯಿ" ಅಂದರು. ನಾವು ಹುಟ್ಟಿದಾಗಿನಿಂದ ಹಾಗೆಯೇ ಅಂದವರು. ಅದಕ್ಕಿಂತ ಸುಲಭವಾಗಿ ಹೇಳುವುದು ಹೇಗೆ?

ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಶಾಂತವ್ವ. ಬಾಗಲಕೋಟೆ ಕಡೆಯ ಹಳ್ಳಿಯಿಂದ ಆಗಷ್ಟೇ ಬಂದಿದ್ದಳು. ಗಂಡನಿಗೆ ಜಾಲಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸ, ಇವಳಿಗೆ ಗಾರ್ಮೆಂಟ್ಸಿನಲ್ಲಿ. ಮನೆ ನಾಗರಾಜನ ಸಾಲಿನಲ್ಲೇ. ಮಗಳು ಸವಿತಾ ನನ್ನ ಮೂರನೇ ಕ್ಲಾಸಿಗೆ ಸೇರಿದ್ದಳು. ಕಡ್ಡಿಯಂಥ ಹುಡುಗಿ, ಗಾಳಿ ಜೋರಾಗಿ ಬೀಸಿದರೆ ಹಿಡಿದುಕೊಳ್ಳಬೇಕು ಅನ್ನಿಸುವಷ್ಟು ಸಣ್ಣ.

"ನಮ್ಮ ಮನ್ಯಾಗ ತತ್ತಿ ತಿನ್ನಂಗಿಲ್ರಿ ಸರ್. ಸವಿತಾಗ ಬಾಳೆಹಣ್ಣ ಕೊಡ್ರಿ."

"ಆಯ್ತಮ್ಮ. ಹಣ್ಣು ಬರದೇ ಇದ್ದ ದಿನ ಕಡ್ಲೆ ಮಿಠಾಯಿ ಕೊಟ್ರೆ ಪರವಾಗಿಲ್ವಾ?"

"ಕಡ್ಲಿ ಮಿಠಾಯಿನ್ರೀ?" ಶಾಂತವ್ವ ಹುಬ್ಬು ಗಂಟಿಕ್ಕಿದಳು. "ಅದರಾಗ ಏನೇನ ಹಾಕಿರ್ತಾರ್ರಿ?"

"ಕಡ್ಲೆ, ಬೆಲ್ಲ. ಇನ್ನೇನೂ ಇರಾಕಿಲ್ಲ ಕಣಮ್ಮ" ಎಂದಳು ಮುನಿಯಮ್ಮ.

"ಕಡ್ಲಿ, ಬೆಲ್ಲ. ಅಷ್ಟ?"

"ಅಷ್ಟೇ. ದೇವ್ರಾಣೆ."

"ಹಂಗಾರ ಕೊಡ್ರಿ."

ಅಷ್ಟು ವಿಚಾರಿಸಿಯೇ ಅವಳು ಕೂತದ್ದು. ಒಂದು ಮಿಠಾಯಿಗೆ ಇಷ್ಟು ಕೇಳುವುದೇನು ಅಂತ ನನಗನ್ನಿಸಿತ್ತು. ಹೊರಗೆ ಏರ್‌ಫೋರ್ಸಿನ ವಿಮಾನವೊಂದು ಹಂಚು ನಡುಗಿಸಿ ಹೋಯಿತು, ಸಾರ್ ಮುಂದಿನ ಪೋಷಕರನ್ನು ಕರೆದರು.

ಮೊಟ್ಟೆ ಶುರುವಾಯಿತು. ಮೊದಲ ದಿನ ಮಕ್ಕಳಿಗೆ ಹಬ್ಬ. ಬಿಸಿ ಮೊಟ್ಟೆಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾರಿಸುತ್ತಾ ಊದುತ್ತಾ ಕೂತಿದ್ದ ಅವರ ಮುಖ ನೋಡಿದರೆ ಎಂಥವರಿಗೂ ಹೊಟ್ಟೆ ತಣ್ಣಗಾಗಬೇಕು. ಮುನಿಯಮ್ಮ ಸಿಪ್ಪೆಯನ್ನೆಲ್ಲ ಒಂದೂ ಬಿಡದೆ ಆಯ್ದು ಶಾಲೆಯ ಹಿಂದೆ ಗುಂಡಿ ತೋಡಿ ಮುಚ್ಚುತ್ತಿದ್ದಳು, ಗಾಳಿಗೆ ಹಾರಿ ದೇವಸ್ಥಾನದ ಕಡೆ ಹೋದರೆ ಅದೇ ಒಂದು ನೆಪವಾಗುತ್ತದೆ ಎಂದು. ನೆಪಕ್ಕೆ ಕಾಯುವವರು ಇದ್ದೇ ಇದ್ದರು. ಮೊಟ್ಟೆಯ ದಿನ ಬಂತೆಂದರೆ ಗೇಟಿನ ಹತ್ತಿರ ಒಂದಿಬ್ಬರು ಫೋನು ಹಿಡಿದು ನಿಲ್ಲುವರು. ತಿನ್ನುವ ಮಕ್ಕಳ ವಿಡಿಯೋ ಮಾಡುವರು. "ಏನ್ರೀ ನಿಮ್ ಕೆಲ್ಸ ಇಲ್ಲಿ?" ಎಂದು ನಾನು ಎರಡು ಸಲ ಜಗಳಕ್ಕೇ ನಿಂತೆ. "ಪಬ್ಲಿಕ್ ರೋಡು ಮೇಡಂ" ಅಂದರು. ಸಾರ್ ನನ್ನನ್ನು ಒಳಗೆ ಕರೆದು, "ಸುಮ್ನಿರಿ ವನಜಾ, ದಯವಿಟ್ಟು" ಎಂದು ಬೇಡಿಕೊಂಡರು. ಒಂದು ಮಗು ವಾಂತಿ ಮಾಡಿಕೊಂಡರೂ ಸಾಕು, ಕಥೆ ಮುಗಿಯಿತು ಎಂದು ನಮಗೆಲ್ಲ ಗೊತ್ತಿತ್ತು. ಊಟದ ಗಂಟೆ ಹೊಡೆದರೆ ನಾನು ಮಕ್ಕಳ ಸಾಲಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದೆ.

ಸವಿತಾ ಬಾಳೆಹಣ್ಣಿನ ಸಾಲಿನಲ್ಲಿ ಕೂರುತ್ತಿದ್ದಳು. ಬಾಯಿ ಹಣ್ಣು ತಿನ್ನುತ್ತಿದ್ದರೂ ಕಣ್ಣು ಪಕ್ಕದ ಸಾಲಿನ ಅಂಬಿಕಾಳ ತಟ್ಟೆಯ ಮೇಲೆ. ಅವರಿಬ್ಬರೂ ಗಂಟು ಹಾಕಿದಂಥ ಗೆಳತಿಯರು. ನಾನು ಕಣ್ಣು ಬಿಟ್ಟರೆ ಸವಿತಾ ತಕ್ಷಣ ತನ್ನ ತಟ್ಟೆ ನೋಡುವಳು.

ಆಮೇಲೆ ಬಂತು ಆ ದಿನ. ಹಿಂದಿನ ದಿನವೆಲ್ಲ ಮಳೆ ಜಡಿದಿತ್ತು. ಹೆಸರಘಟ್ಟ ಕಡೆಯಿಂದ ಹಣ್ಣು ತರುವವನ ಗಾಡಿ ರಸ್ತೆಯ ನೀರಿನಲ್ಲಿ ಸಿಕ್ಕಿಹಾಕಿಕೊಂಡಿತು, ಫೋನು ಮಾಡಿ "ಇವತ್ತಾಗಲ್ಲ" ಅಂದ. ಆ ವರ್ಷ ಹಣ್ಣು ತಪ್ಪಿದ್ದು ಅದೇ ಮೊದಲು. ಹೇಗೂ ಚಿಕ್ಕಿಯ ಡಬ್ಬ ಬಂದಿತ್ತು. ಮುನಿಯಮ್ಮ ಹಣ್ಣಿನ ಸಾಲಿನ ಮಕ್ಕಳಿಗೆಲ್ಲ ಒಂದೊಂದು ಕೊಟ್ಟು, ಸವಿತಾಳ ಕೆನ್ನೆ ಹಿಂಡಿ, "ನೀನು ಒಸಿ ಜಾಸ್ತಿ ತಿನ್ನು, ಊದಿದ್ರೆ ಆರೋಗ್ತೀಯ" ಎಂದು ಇನ್ನೊಂದು ಚೂರು ಕೈಗಿಟ್ಟಳು.

ಊಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ಸವಿತಾ ನನ್ನ ಹತ್ತಿರ ಬಂದು ಸೆರಗು ಜಗ್ಗಿದಳು.

"ಅಕ್ಕಾರ, ಬಾಯಿ ಕಡಿಯಾಕತ್ತೈತ್ರಿ."

ಅವರ ಕಡೆ ಟೀಚರಮ್ಮನಿಗೆ ಅಕ್ಕಾರು ಅನ್ನುತ್ತಾರೆ, ಅದು ನನಗೆ ಅಭ್ಯಾಸವಾಗಿತ್ತು. ಆದರೆ 'ಕಡಿಯುವುದು' ಅಂದರೆ ತುರಿಕೆ ಅಂತ ಯಾರಿಗೆ ಗೊತ್ತು? "ನಾಲಿಗೆ ಕಚ್ಕೊಂಡ್ಯಾ? ನೀರು ಮುಕ್ಕಳಿಸು ಹೋಗು" ಅಂದೆ. ಹೋದಳು. ಮತ್ತೆ ಬಂದಳು. ಈ ಸಲ ಮಾತಾಡಲಿಲ್ಲ. ತುಟಿ ದಪ್ಪವಾಗಿತ್ತು, ಕಣ್ಣಿನ ರೆಪ್ಪೆ ಊದಿ ಮುಚ್ಚಿಕೊಳ್ಳುತ್ತಿತ್ತು, ಕತ್ತಿನ ತುಂಬ ಕೆಂಪು ಗಂಧೆ. ಉಸಿರು ಎಳೆದಾಗ ಒಳಗಿನಿಂದ ಸಣ್ಣ ಸಿಳ್ಳೆಯಂಥ ಸದ್ದು.

"ಮುನಿಯಮ್ಮಾ!" ಎಂದು ನಾನು ಕೂಗಿದ ಕೂಗಿಗೆ ಇಡೀ ಶಾಲೆ ಹೊರಗೆ ಬಂತು. ಮುನಿಯಮ್ಮ ಮಗುವನ್ನು ಎತ್ತಿಕೊಂಡು ಬರಿಗಾಲಲ್ಲೇ ರಸ್ತೆಗೆ ಓಡಿದಳು. ಗೇಟಿನಲ್ಲಿದ್ದ ಫೋನಿನವರು ವಿಡಿಯೋ ಮಾಡುತ್ತಲೇ ಇದ್ದರು. ಬಂದ ಆಟೋಗೆ ಅಡ್ಡ ನಿಂತು, ಒಳಗಿದ್ದವರನ್ನು ಇಳಿಸಿ ಹತ್ತಿದೆವು.

ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ಸುತ್ತಿಕೊಂಡು ಹೋಗಬೇಕು. ಎದುರಿಗೆ ಬಸ್ಸು, ಲಾರಿ, ಎಲ್ಲ ನಿಂತಲ್ಲೇ ನಿಂತಿದ್ದವು. "ಹಾರನ್ ಹೊಡೀರಿ, ಹೊಡೀರಿ!" ಎಂದು ನಾನು ಡ್ರೈವರನ ಭುಜ ಗುದ್ದುತ್ತಿದ್ದೆ. ಅವನು ಫುಟ್‌ಪಾತ್ ಮೇಲೇ ಹತ್ತಿಸಿದ. ಮುನಿಯಮ್ಮ ಮಗುವಿನ ಬೆನ್ನು ಸವರುತ್ತಾ, "ಉಸಿರು ಬಿಡವ್ವಾ, ಬಿಡು ನನ್ ಕಂದ, ಬಿಡು" ಎಂದು ಒಂದೇ ಸಮನೆ ಹೇಳುತ್ತಿದ್ದಳು. ಮಗುವಿನ ತುಟಿ ನೀಲಿಯಾಗುತ್ತಿತ್ತು. ಅಷ್ಟು ಅಸಹಾಯಕಳಾಗಿ ನಾನು ಇನ್ನೆಂದೂ ಕೂತಿಲ್ಲ. ಕೈಯಲ್ಲಿ ಮಾಡುವುದಕ್ಕೆ ಏನೂ ಇಲ್ಲ, ಬೈಯುವುದಕ್ಕೂ ಯಾರಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನೋಡಿದ ತಕ್ಷಣ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಆಕ್ಸಿಜನ್ ಹಾಕಿದರು. ಆಮೇಲೆ ಕೇಳಿದರು, "ಏನ್ ತಿಂದ್ಳು?"

"ಅನ್ನ, ಸಾಂಬಾರು, ಕಡ್ಲೆ ಮಿಠಾಯಿ" ಎಂದಳು ಮುನಿಯಮ್ಮ.

"ಅದೇ ಇರ್ಬೇಕು. ಕೆಲವ್ರಿಗೆ ಕಡ್ಲೆಬೀಜ ಅಂದ್ರೆ ವಿಷ. ಮನೆಯವ್ರಿಗೆ ಗೊತ್ತಿರ್ಲಿಲ್ವಾ?"

ಮುನಿಯಮ್ಮ ಗೋಡೆಗೆ ಒರಗಿಕೊಂಡೇ ಕುಸಿದು ಕೂತಳು. "ನನ್ ಕೈಯಾರೆ ಕೊಟ್ನಲ್ಲ ವನಜಕ್ಕ. ಇನ್ನೊಂದು ಚೂರು ಅಂತ ಬ್ಯಾರೆ ಕೊಟ್ನಲ್ಲ." ನನಗೆ ಅವಳನ್ನು ಸಮಾಧಾನ ಮಾಡುವಷ್ಟು ವ್ಯವಧಾನವಿರಲಿಲ್ಲ. ಎಲ್ಲ ಕೋಪವೂ ಶಾಂತವ್ವನ ಕಡೆಗೆ ತಿರುಗಿತ್ತು. ಸಭೆಯಲ್ಲಿ ಅದರಲ್ಲಿ ಏನೇನು ಹಾಕಿರುತ್ತಾರೆ ಎಂದು ಅಷ್ಟೆಲ್ಲ ವಿಚಾರಿಸಿದವಳು, ಮಗುವಿಗೆ ಆಗುವುದಿಲ್ಲ ಎಂಬ ಒಂದು ಮಾತು ಹೇಳಬಾರದಿತ್ತೇ?

ಶಾಂತವ್ವ ಗಾರ್ಮೆಂಟ್ಸಿನಿಂದ ಮಳೆಯಲ್ಲಿ ನೆನೆದುಕೊಂಡು ಓಡಿ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಗಾಜಿನ ಬಾಗಿಲ ಮೂಲಕ ಮಗಳನ್ನು ನೋಡಿದಳು. ಅಳಲಿಲ್ಲ. ನಮ್ಮ ಕಡೆ ತಿರುಗಿದಳು.

"ಏನ ಕೊಟ್ರಿ ನನ್ನ ಮಗಳಿಗೆ?"

"ಕಡ್ಲೆ ಮಿಠಾಯಿ ಕಣಮ್ಮ, ಅಷ್ಟೇ" ಎಂದಳು ಮುನಿಯಮ್ಮ.

ನಾನು ನಡುವೆ ನುಗ್ಗಿದೆ. "ಅವ್ಳಿಗೆ ಕಡ್ಲೆ ಆಗಲ್ಲ ಅಂತ ಒಂದ್ ಮಾತು ಹೇಳೋಕೆ ನಿಮ್ಗೇನ್ರೀ ಆಗಿತ್ತು? ಮಗು ಹೋಗ್ಬಿಡ್ತಿತ್ತಲ್ರೀ!"

"ಯಾರಂದ್ರು ಆಗಂಗಿಲ್ಲಂತ?" ಶಾಂತವ್ವನ ದನಿ ನನ್ನದಕ್ಕಿಂತ ಮೇಲೇರಿತು. "ಕಡ್ಲಿ ಆಕಿ ದಿನಾ ತಿಂತಾಳ್ರಿ! ವಾರದಾಗ ಎರಡ ಸಲ ಕಡ್ಲಿ ಉಸುಳಿ ಮಾಡ್ತೀನಿ. ಖರೆ ಹೇಳ್ರಿ ಅಕ್ಕಾರ, ಆಕಿಗೆ ಶೇಂಗಾ ಕೊಟ್ರಿ? ಶೇಂಗಾ ಒಂದ ಆಕಿಗೆ ಆಗಂಗಿಲ್ಲ. ಅದಕ್ಕ ನಮ್ಮ ಮನ್ಯಾಗ ರೊಟ್ಟಿ ಜೋಡಿ ಶೇಂಗಾ ಹಿಂಡಿ ಸೈತ ಬಿಟ್ಟೀವ್ರಿ ನಾವು!"

"ಶೇಂಗಾನೂ ಇಲ್ಲ ಪಂಗಾನೂ ಇಲ್ಲ! ಬರೀ ಕಡ್ಲೆ ಕಣವ್ವೋ, ನನ್ನಾಣೆಗೂ ಬರೀ ಕಡ್ಲೆ, ಬೆಲ್ಲ!" ಮುನಿಯಮ್ಮ ಎದೆ ಹೊಡೆದುಕೊಂಡಳು.

"ಸುಳ್ಳ!"

"ಸುಳ್ಳು ಯಾಕೆ ಏಳ್ಲಿ ನಾನು!"

ನರ್ಸು ಬಂದು ಗದರಿದರು. ಅವರ ಕೈಯಲ್ಲಿ ಸವಿತಾಳ ಯೂನಿಫಾರಂ ಇತ್ತು, ತೊಯ್ದಿದೆ ಎಂದು ಬಿಚ್ಚಿಸಿದ್ದರು. ಅದರ ಜೇಬಿನಲ್ಲಿ ಮುನಿಯಮ್ಮ ಹೆಚ್ಚಿಗೆ ಕೊಟ್ಟ ಚೂರು ಹಾಗೇ ಅಂಟಿಕೊಂಡಿತ್ತು. ನಾನು ಕಿತ್ತು ಶಾಂತವ್ವನ ಮುಖದ ಮುಂದೆ ಹಿಡಿದೆ. "ನೋಡಿ! ಇದನ್ನೇ ಕೊಟ್ಟಿದ್ದು!"

ಅವಳು ನೋಡಿದಳು. ತುಂಬ ಮೆಲ್ಲಗೆ, "ಇದ ಶೇಂಗಾ ಅಲ್ರೀ?" ಅಂದಳು.

"ಅದೇ ಕಣಮ್ಮ. ಕಡ್ಲೆ" ಎಂದಳು ಮುನಿಯಮ್ಮ.

ಆಗ ಅರ್ಥವಾಯಿತು. ಅವರ ಕಡೆ ಕಡ್ಲಿ ಅಂದರೆ ನಮ್ಮ ಕಡ್ಲೆಕಾಳು, ನಮ್ಮ ಕಡ್ಲೆಕಾಯಿ ಅವರಿಗೆ ಶೇಂಗಾ. ಹುರಿಗಡಲೆಗೆ ಬೆಲ್ಲ ಹಾಕಿ ಉಂಡೆ ಕಟ್ಟುತ್ತಾರಲ್ಲ, ಅಂಥದ್ದೇ ಏನೋ ಎಂದುಕೊಂಡು ಅವಳು ಒಪ್ಪಿದ್ದಳು. ಒಪ್ಪುವ ಮೊದಲು ಎರಡು ಸಲ ಕೇಳಿದ್ದಳು. ಎರಡು ಸಲವೂ ಮುನಿಯಮ್ಮ ನಿಜವನ್ನೇ ಹೇಳಿದ್ದಳು. ಮನೆಗೆ ಶೇಂಗಾ ತರುವುದನ್ನೇ ಬಿಟ್ಟಿದ್ದರಿಂದ ಬೆಲ್ಲದೊಳಗಿನ ಅದನ್ನು ಮಗುವೂ ಗುರುತಿಸಿರಲಿಲ್ಲ. ಆದೇಶದಲ್ಲಿ ಶೇಂಗಾ ಎಂದೇ ಇತ್ತು, ಕೋಪದಲ್ಲಿ ಅದು ನನಗೂ ಹೊಳೆದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದ್ದರೆ ಅವಳು ಅಲ್ಲೇ ಎದ್ದು ಬೇಡ ಅನ್ನುತ್ತಿದ್ದಳು. ಸುಲಭ ಮಾಡಿ ಹೇಳಲು ಹೋಗಿ ಎಂಥ ಅನಾಹುತವಾಯಿತು ನೋಡಿ. ಯಾರನ್ನು ಬೈಯಲಿ ನಾನು? ಶಾಂತವ್ವನ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ಸವಿತಾಳ ಊತ ಇಳಿಯಿತು. ಕಣ್ಣು ಬಿಟ್ಟು "ಅವ್ವಾ" ಅಂದಾಗ ಮುನಿಯಮ್ಮ ಕಾರಿಡಾರಿನಲ್ಲೇ ನೆಲಕ್ಕೆ ಹಣೆ ಹಚ್ಚಿದಳು. ಡಾಕ್ಟರು ಶಾಂತವ್ವನನ್ನು ಕರೆದು, "ಮಗೂಗೆ ರಕ್ತ ಕಮ್ಮಿ ಇದೆಯಮ್ಮ. ತುಂಬಾ ವೀಕು. ಕಡ್ಲೆಬೀಜ ಮುಟ್ಟಿಸ್ಬೇಡಿ, ಸರಿ. ಮೊಟ್ಟೆಗಿಟ್ಟೆ ಕೊಡಿ, ಚೇತರಿಸಿಕೊಳ್ತಾಳೆ" ಎಂದರು.

"ನಾವ ತಿನ್ನಂಗಿಲ್ರಿ. ಅದು ಇಕಿಗೆ ಆಗತೈತೊ ಇಲ್ಲೊ, ಅದೂ ಗೊತ್ತಿಲ್ರಿ."

ಮಂಚದ ಮೇಲಿನಿಂದ ಸಣ್ಣ ದನಿ ಬಂತು. "ಆಗತೈತವ್ವಾ. ಅಂಬಿಕಾ ನನಗ ಪ್ರತಿ ಸಲಾ ಅರ್ಧಾ ಕೊಡ್ತಾಳ. ಏನೂ ಆಗಿಲ್ಲ."

ಶಾಂತವ್ವ ಹಣೆ ಚಚ್ಚಿಕೊಂಡಳು. ನನಗೆ ಅಂಥ ಹೊತ್ತಿನಲ್ಲೂ ನಗು ಬಂತು. ಅಷ್ಟು ಹುಷಾರಾಗಿ ಕಣ್ಣಿಟ್ಟು ಕೂರುತ್ತಿದ್ದೆ ಅಂದುಕೊಂಡಿದ್ದೆನಲ್ಲ ನಾನು!

ನಾವು ಆಸ್ಪತ್ರೆಯಲ್ಲಿದ್ದರೆ ಊರಿನಲ್ಲಿ ಬೇರೆಯದೇ ಅಡುಗೆ ಬೇಯುತ್ತಿತ್ತು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ತಿನ್ನದ ಮನೆಯ ಮಗುವಿಗೆ ಬಲವಂತವಾಗಿ ಮೊಟ್ಟೆ ತುರುಕಿದರಂತೆ, ಮಗು ಸಾಯುವ ಸ್ಥಿತಿಯಲ್ಲಿದೆಯಂತೆ. ಮುನಿಯಮ್ಮ ಬರಿಗಾಲಲ್ಲಿ ಮಗುವನ್ನು ಹೊತ್ತು ಓಡುವ ವಿಡಿಯೋ ಎಲ್ಲರ ಫೋನಿನಲ್ಲೂ ಬಂದಿತ್ತು. ಮಾರನೆಯ ಬೆಳಿಗ್ಗೆ ಗೇಟಿನ ಮುಂದೆ ಜನವೋ ಜನ. "ಮೊಟ್ಟೆ ನಿಲ್ಲಿಸಿ, ಮುನಿಯಮ್ಮನ್ನ ಕಳ್ಸಿ" ಎಂದು ಕೂಗು. ರಂಗಸ್ವಾಮಿ ಸಾರ್ ಬಾಗಿಲು ಹಾಕಿಕೊಂಡು ಒಳಗೇ ಕೂತರು. ನಾನು ಹೊರಗೆ ಹೋಗಿ ನಡೆದದ್ದನ್ನು ಹೇಳಿದೆ. ಯಾರೂ ಕೇಳಲಿಲ್ಲ. "ನೀವು ಅವರ ಕಡೆಯವರೇ ಬಿಡಿ ಮೇಡಂ" ಅಂದರು. ಒಬ್ಬಳೇ ಒಬ್ಬಳ ಮಾತಿಗೆ ಅಲ್ಲಿ ಬೆಲೆಯಿದ್ದದ್ದು, ಅದು ಮಗುವಿನ ತಾಯಿ.

ಅದು ನಾಗರಾಜನಿಗೂ ಗೊತ್ತಿತ್ತು. ಮಗುವನ್ನು ಮನೆಗೆ ಕರೆತಂದ ಕೂಡಲೇ ಶಾಂತವ್ವನ ಬಾಗಿಲಿಗೆ ಹೋಗಿದ್ದನಂತೆ. ಅವಳು ಏನಂದಳು ಎಂದು ನಮಗೆ ತಿಳಿಯಲಿಲ್ಲ. ಅವನ ಮನೆಯಲ್ಲಿ ಬಾಡಿಗೆಗಿರುವವಳು, ಈ ಊರಿನಲ್ಲಿ ದಿಕ್ಕಿಲ್ಲದವಳು, ಏನಂದಾಳು? ಮುನಿಯಮ್ಮ ಒಲೆ ಹಚ್ಚದೆ ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. "ಓಗ್ಲಿ ಬುಡಕ್ಕ. ಆ ತಾಯಿ ನನ್ನ ಬೈದ್ರೂ ಸೈ. ಮಗು ಉಳೀತಲ್ಲ." ಹಾಗಂದರೂ ಅವಳ ಕಣ್ಣು ಗೇಟಿನ ಮೇಲೇ ಇತ್ತು. ಈ ಕೆಲಸ ಹೋದರೆ ಅವಳಿಗೆ ಇನ್ನೊಂದು ಒಲೆಯಿರಲಿಲ್ಲ.

ಬ್ಲಾಕ್ ಆಫೀಸಿನಿಂದ ಬಿಸಿಯೂಟದ ಅಧಿಕಾರಿ, ಒಬ್ಬ ಹೆಂಗಸು, ವಿಚಾರಣೆಗೆ ಬಂದರು. ಮೂರನೇ ಕ್ಲಾಸಿನ ಕೋಣೆಯಲ್ಲೇ ಎಲ್ಲರೂ ಸೇರಿದೆವು. ನಾಗರಾಜ ಮೊದಲೇ ಶುರುಮಾಡಿದ. "ಮೇಡಂ, ಮೊಟ್ಟೆ ತಿನ್ನದೇ ಇರೋ ಮಗು ಅದು. ತಾಯೀನೇ ಬಂದಿದ್ದಾಳೆ, ಕೇಳಿ ನೀವೇ. ಹೇಳಮ್ಮ ಶಾಂತವ್ವ, ಹೆದರ್ಕೋಬೇಡ. ನಾನಿದ್ದೀನಿ."

ಶಾಂತವ್ವ ಎದ್ದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ಇವ್ರು ನಮ್ಮ ಮನಿಗಿ ಬಂದಿದ್ರಿ ಮೇಡಂ" ಅಂದಳು. "ತತ್ತಿ ತಿನಿಸ್ಯಾರ ಅಂತ ಹೇಳು, ಬಾಡಗಿ ಮಾತ ಆಮ್ಯಾಲ ನೋಡೂಣು ಅಂದ್ರು. ನಾ ಹಂಗ ಹೇಳಂಗಿಲ್ರಿ. ಯಾರೂ ತತ್ತಿ ತಿನಿಸಿಲ್ಲ. ಕಡ್ಲಿ ಕೊಡ್ರಿ ಅಂತ ನಾನ ಅಂದಿದ್ದೆ. ಇವ್ರ ಕಡ್ಲಿ ಬ್ಯಾರೆ, ನಮ್ಮ ಕಡ್ಲಿ ಬ್ಯಾರೆ. ಈ ಅಡಗಿ ಯಕ್ಕಾ ಬರಿಗಾಲಾಗ ಓಡಲಿಲ್ಲಂದ್ರ ನನ್ನ ಮಗಳು ಇರ್ತಿದ್ದಿಲ್ಲ." ಆಮೇಲೆ ನಾಗರಾಜನ ಕಡೆ ತಿರುಗಿ, ಕೈ ಮುಗಿದು, "ಮನಿ ಬಿಡು ಅಂದ್ರ ಬಿಡ್ತೀನ್ರಿ ಅಣ್ಣಾರ. ಕೂಸು ಸಾವಿನ ಬಾಗಲಾ ತಟ್ಟಿ ಬಂದೈತಿ. ಆಕಿ ಹೆಸರಿಲೆ ಸುಳ್ಳ ಹೇಳಾಕ ನನ್ನಿಂದ ಆಗಂಗಿಲ್ಲ."

ನಾಗರಾಜ ಏನೋ ಹೇಳಲು ಬಾಯಿ ತೆರೆದ, ಅಧಿಕಾರಿ ಕೈಯೆತ್ತಿ ತಡೆದರು. ಮುನಿಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಚಿಕ್ಕಿಯ ಡಬ್ಬ ಅವತ್ತೇ ಶಾಲೆಯಿಂದ ಹೊರಗೆ ಹೋಯಿತು. ಮುಂದೆ ಸರ್ಕಾರವೇ ಬೇರೆ ಕಾರಣಕ್ಕೆ ಚಿಕ್ಕಿಯನ್ನು ಬಿಸಿಯೂಟದಿಂದ ತೆಗೆಯಿತು, ಅದು ಆಮೇಲಿನ ಮಾತು. ಹೊರಡುವ ಮೊದಲು ಅಧಿಕಾರಿ ಕೇಳಿದರು, "ಹಾಗಾದ್ರೆ ಮಗೂಗೆ ಬಾಳೆಹಣ್ಣೇ ಕೊಡ್ಲಾ ಶಾಂತವ್ವ?"

"ಬ್ಯಾಡ್ರಿ. ಮಳಿ ಬಂದ್ರ ಬಾಳೆಹಣ್ಣ ಬರಂಗಿಲ್ಲ, ಬ್ಯಾರೆ ಏನರ ಬರತೈತಿ. ತತ್ತಿ ಕೊಡ್ರಿ."

"ನೀವು ತಿನ್ನೋದಿಲ್ಲ ಅಂದ್ರಲ್ಲ?"

"ನಾ ತಿನ್ನಂಗಿಲ್ಲ, ನಮ್ಮತ್ತಿಗೆ ಗೊತ್ತಾದ್ರ ದೊಡ್ಡ ರಾದ್ಧಾಂತ ಆಗತೈತಿ. ಆಗ್ಲಿ ಬಿಡ್ರಿ. ಮಿಠಾಯಿ ಒಳಗ ಏನೇನ ಐತಿ ಅಂತ ನಾ ಯಾರ್ಯಾರ್ನ ಕೇಳ್ಲಿ? ಅವ್ರು ಏನ ಹೇಳ್ತಾರೊ, ನಾ ಏನ ತಿಳಕೋತೀನೊ. ತತ್ತಿಗೆ ನೀವು ಏನರ ಹೆಸರಿಟ್ಕೊಳ್ರಿ, ಒಡದ್ರ ಒಳಗ ತತ್ತೀನ ಇರತೈತಿ."

ನಾಗರಾಜ ಆ ಮಳೆಗಾಲ ಮುಗಿಯುವುದರೊಳಗೆ ಅವರ ಮನೆ ಖಾಲಿ ಮಾಡಿಸಿದ. ಅವರು ರೈಲ್ವೆ ಗೇಟಿನ ಆಚೆ ಶೀಟಿನ ಮನೆಯೊಂದನ್ನು ಹುಡುಕಿಕೊಂಡರು, ಶಾಲೆ ಬಿಡಿಸಲಿಲ್ಲ.

ವಿಚಾರಣೆಯಾದ ಮೇಲಿನ ಮೊದಲ ಮೊಟ್ಟೆಯ ದಿನ ಊಟದ ಹೊತ್ತಿಗೆ ಶಾಂತವ್ವ ತಾನೇ ಬಂದಳು. ಗಾರ್ಮೆಂಟ್ಸಿನಲ್ಲಿ ಕಾಡಿ ಬೇಡಿ ಅರ್ಧ ದಿನದ ರಜೆ ತೆಗೆದುಕೊಂಡಿದ್ದಳಂತೆ. ಮುನಿಯಮ್ಮ ಒಂದು ಮೊಟ್ಟೆ ತೊಳೆದು ಕೈಗೆ ಕೊಟ್ಟು, "ನಾನೇ ಸುಲ್ದು ಕೊಡ್ಲಾ ತಾಯಿ?" ಅಂದಳು. ಶಾಂತವ್ವ ಬೇಡ ಎಂದು ತಲೆಯಾಡಿಸಿ, ಸವಿತಾಳನ್ನು ಅಡುಗೆ ಮನೆಯ ಜಗಲಿಯ ಮೇಲೆ ಎದುರಿಗೆ ಕೂರಿಸಿಕೊಂಡಳು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಕೈ, ಸಿಪ್ಪೆ ಬಿಡಿಸಲೂ ಬರುತ್ತಿರಲಿಲ್ಲ. ಚೂರು ಚೂರಾಗಿ ಕಿತ್ತಳು. ವಾಸನೆ ಮೇಲೆದ್ದಾಗ ಓಕರಿಕೆ ಬಂದು ಮುಖ ಪಕ್ಕಕ್ಕೆ ತಿರುಗಿಸಿದಳು. ಒಂದು ಕೈಯಲ್ಲಿ ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮುರಿದು ಮುರಿದು ಮಗಳ ಬಾಯಿಗಿಟ್ಟಳು.

"ಅವ್ವಾ, ಯಾಕ ಅಳಾಕತ್ತಿ?" ಎಂದು ಕೇಳಿದಳು ಸವಿತಾ, ತುಂಬಿದ ಬಾಯಲ್ಲಿ.

"ವಾಸನಿಗೆ" ಅಂದಳು ಶಾಂತವ್ವ. "ನೀ ತಿನ್ನು."